ಇವರು ನಿಮಗೆ ಏನಾಗಬೇಕು?

ಮೊದಲೇ ಹೇಳಿಬಿಡುತ್ತೇನೆ, ಅಕ್ಕ ನನಗಿಂತ ಚಿಕ್ಕವಳು. ಹೆಚ್ಚೇನಲ್ಲ, ಏಳೆಂಟು ತಿಂಗಳು. ಆದರೂ ಚಿಕ್ಕವಳು ಚಿಕ್ಕವಳೇ. ಅವಳನ್ನು ಅಕ್ಕ ಮಾಡಿದವಳು ನಾನು, ಅದೂ ಒಂದು ಬಾಡಿಗೆ ಮನೆಯ ಮೆಟ್ಟಿಲ ಮೇಲೆ ನಿಂತು, ಯೋಚಿಸುವುದಕ್ಕೂ ಪುರಸೊತ್ತಿಲ್ಲದೆ. ಮನೆಯ ಓನರಮ್ಮ ಕೀಲಿಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು. ಆಗ ನಮಗಿಬ್ಬರಿಗೂ ಮೂವತ್ತು ದಾಟಿತ್ತು. ಅವಳ ತಲೆಯಲ್ಲಿ ಆಗಲೇ ನಾಲ್ಕು ಬಿಳಿಕೂದಲು, ಮೂಗಿನ ಮೇಲೆ ದಪ್ಪ ಕನ್ನಡಕ. "ನಮ್ಮಕ್ಕ" ಎಂದುಬಿಟ್ಟೆ. ಓನರಮ್ಮ ಕೀಲಿಕೈ ಕೊಟ್ಟರು. ಒಳಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವಳು ಸೊಂಟದ ಮೇಲೆ ಕೈಯಿಟ್ಟು, "ತಂಗಿ ಅನ್ನೋಕೆ ಏನಾಗಿತ್ತೇ ನಿನಗೆ?" ಎಂದು ಜಗಳ ತೆಗೆದಳು.

ಅವಳು ಹಲ್ಲಿನ ಡಾಕ್ಟರು, ನಾನು ಪರದೆ ಅಂಗಡಿಯವಳು. ಅವಳ ಕ್ಲಿನಿಕ್ಕಿನ ಕಿಟಕಿಗೆ ಅಳತೆ ತೆಗೆಯಲು ಹೋದೆ. ಅಳತೆ ತಪ್ಪಿದೆ ಎಂದು ಮತ್ತೊಮ್ಮೆ ಹೋದೆ. ನನ್ನ ಜನ್ಮದಲ್ಲಿ ಕಿಟಕಿಯ ಅಳತೆ ತಪ್ಪಿದವಳಲ್ಲ ನಾನು. ಮೂರನೆಯ ಸಲ ಹೋದಾಗ ಅವಳು, "ಪರದೆ ಇರಲಿ, ಬಾಯಿ ತೆಗೀರಿ ನೋಡೋಣ" ಎಂದು ಕುರ್ಚಿಯಲ್ಲಿ ಕೂರಿಸಿ ಎರಡು ಹಲ್ಲಿಗೆ ಸಿಮೆಂಟು ತುಂಬಿದಳು. ಹೀಗೆ ಒಬ್ಬರನ್ನೊಬ್ಬರು ಪ್ರೀತಿಸಿ, ಒಂದೇ ಮನೆಯಲ್ಲಿ ಸಂಸಾರ ಹೂಡಿದವರು ನಾವು. ಹೊರಗಿನವರಿಗೆ ಅಕ್ಕ-ತಂಗಿ.

ಆಮೇಲೆ ಮನೆಗಳು ಬದಲಾದವು, ಓನರುಗಳು ಬದಲಾದರು, ಅಕ್ಕ ಮಾತ್ರ ಅಕ್ಕನಾಗಿಯೇ ಉಳಿದಳು. ತಲೆ ಮೇಲೊಂದು ಸೂರು ಉಳಿಸಿಕೊಳ್ಳಲು ಹೇಳಿದ ಸುಳ್ಳು ಬರಬರುತ್ತಾ ನನ್ನ ನಾಲಗೆಗೆ ಒಗ್ಗಿಹೋಯಿತು. ಯಾರೂ ಇಲ್ಲದಾಗಲೂ ಅಕ್ಕ ಎಂದೇ ಕರೆಯುತ್ತಿದ್ದೆ. ಜ್ವರ ಬಂದರೆ ಅಕ್ಕ, ಮುದ್ದು ಬಂದರೆ ಅಕ್ಕ, ಚಾ ಆರಿಹೋದರೆ ಅಕ್ಕ. ಆ ಪದದಲ್ಲಿ ನನ್ನ ಪ್ರೀತಿಯಷ್ಟೂ ಇತ್ತು. ಅವಳ ಕಿವಿಗೆ ಅದು ಹೇಗೆ ಕೇಳಿಸುತ್ತಿದೆ ಎಂದು ಮಾತ್ರ ನಾನು ವಿಚಾರಿಸಲಿಲ್ಲ.

ಅರವತ್ತು ಹತ್ತಿರವಾದಾಗ ನಾನು ಅಂಗಡಿ ಮಾರಿದೆ, ಅವಳು ಕ್ಲಿನಿಕ್ ಮುಚ್ಚಿದಳು. ಈ ಬಡಾವಣೆಯ ಸುದ್ದಿ ತಂದವಳು ಅವಳೇ. ಊರಾಚೆ ಗುಡ್ಡದ ಇಳಿಜಾರಿನಲ್ಲಿ, ಸಮುದ್ರಕ್ಕೆ ಮುಖ ಮಾಡಿದ ಮನೆಗಳು. ಪ್ರಕೃತಿಗೆ ನೋವು ಮಾಡದ ಐಷಾರಾಮವಂತೆ. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಕಟ್ಟಿಕೊಂಡವರು, ಹುಟ್ಟಿದಾಗ ಒಂದಾಗಿದ್ದು ಆಮೇಲೆ ತಮಗೆ ಸರಿಯೆನಿಸಿದ ಇನ್ನೊಂದಾದವರು, ಒಂಟಿಗಳು, ಎಲ್ಲರಿಗೂ ಅಲ್ಲಿ ಮನೆ ಉಂಟಂತೆ. ಮುಚ್ಚುಮರೆ ಬೇಡವಂತೆ. ಅವಳು ಚಿತ್ರಗಳನ್ನು ತೋರಿಸುತ್ತಾ ಹೋದಳು, ನಾನು ಬೆಪ್ಪಾಗಿ ನೋಡುತ್ತಾ ಹೋದೆ.

ಐಷಾರಾಮವೆಂದರೆ ನನ್ನ ಲೆಕ್ಕದಲ್ಲಿ ಎ.ಸಿ., ಮಾರ್ಬಲ್ ನೆಲ, ಗುಂಡಿ ಒತ್ತಿದರೆ ತಾನಾಗಿ ಸರಿಯುವ ಪರದೆ. ಇಲ್ಲಿ ನೋಡಿದರೆ ಮೊಳದಷ್ಟು ದಪ್ಪದ ಮಣ್ಣಿನ ಗೋಡೆ, ಬಿದಿರಿನ ಛಾವಣಿ, ಅದರ ಮೇಲೆ ಹುಲ್ಲು. ಎ.ಸಿ. ಇಲ್ಲ. ಅಡುಗೆಮನೆಯ ಕಸ ಗೊಬ್ಬರದ ಗುಂಡಿಗೆ ಹೋಗಬೇಕು. ನೆಲದಡಿಯಲ್ಲಿ ಮಳೆನೀರಿನ ತೊಟ್ಟಿ. "ನಮ್ಮಜ್ಜಿ ಮನೆಯೂ ಹೀಗೇ ಇತ್ತು, ಅದನ್ನ ಬಡತನ ಅಂತಿದ್ವಿ" ಎಂದೆ. ಅವಳು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಅಜ್ಜಿ ಮನೇಲಿ ಈಜುಕೊಳ ಇತ್ತಾ?" ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಬಂದ ಮೇಲೆ ನನ್ನ ಬಾಯಿ ತಾನಾಗಿ ಮುಚ್ಚಿತು ಎನ್ನಬೇಕು. ಮಧ್ಯಾಹ್ನ ಹೊರಗೆ ಕಾಗೆ ಬಾಯಿ ಬಿಡುವಂಥ ಬಿಸಿಲು, ಒಳಗೆ ಮಡಕೆ ನೀರಿನ ತಂಪು. ಮನೆಯ ನಡುವೆ ಚಿಮಣಿಯಂತೆ ಎದ್ದ ಗಾಳಿಗೋಪುರ ಬಿಸಿಗಾಳಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ, ಸಮುದ್ರದ ಗಾಳಿ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಈಜುಕೊಳದಲ್ಲಿ ಔಷಧದ ವಾಸನೆಯಿಲ್ಲ. ಒಂದು ಬದಿಗೆ ಬೆಳೆಸಿದ ಜೊಂಡುಹುಲ್ಲು ನೀರನ್ನು ಶುದ್ಧ ಮಾಡುತ್ತದೆ. ಅದರಲ್ಲಿ ಕಪ್ಪೆಗಳಿವೆ. ಅಕ್ಕ ದಿನಾ ಬೆಳಿಗ್ಗೆ ಪಟ್ಟೆಪಟ್ಟೆಯ ಈಜುಡುಗೆ ತೊಟ್ಟು, ಈ ವಯಸ್ಸಿನಲ್ಲಿ, ಕಪ್ಪೆಗಳೊಂದಿಗೆ ಈಜುತ್ತಾಳೆ. ನಾನು ದಡದಲ್ಲಿ ಕೂತು ಚಾ ಕುಡಿಯುತ್ತೇನೆ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನಮಗೆ ಎರಡೂ ಒಟ್ಟಿಗೇ ದಕ್ಕಿದ್ದವು. ಹಲ್ಲಿನ ಡಾಕ್ಟರನ್ನು ಕಟ್ಟಿಕೊಂಡ ಪುಣ್ಯ.

ನನಗಿದ್ದ ಕೊರಗು ಒಂದೇ. ಇಡೀ ಬಡಾವಣೆಯಲ್ಲಿ ಒಂದು ಗೇಣು ಪರದೆಯಿಲ್ಲ. ಕಿಟಕಿಗಳಿಗೆಲ್ಲ ಓರೆಯಾಗಿ ಜೋಡಿಸಿದ ಮರದ ಪಟ್ಟಿಗಳು. "ಬಟ್ಟೆ ಕಟ್ಟಿದ್ರೆ ಗಾಳಿ ನಿಲ್ಲುತ್ತೆ ಮೇಡಂ" ಎಂದರು ಮ್ಯಾನೇಜರಮ್ಮ. ಬೋಳುತಲೆಯವರ ಊರಿಗೆ ಬಾಚಣಿಗೆ ಮಾರಲು ಬಂದ ಹಾಗಾಯಿತು ನನ್ನ ಸ್ಥಿತಿ.

ಈ ಮ್ಯಾನೇಜರಮ್ಮ ಎತ್ತರದ ಹೆಂಗಸು, ದಪ್ಪ ದನಿ. ಹುಟ್ಟಿದ ಮನೆಯಲ್ಲಿ ತನ್ನನ್ನು ಗಂಡುಮಗನೆಂದು ಬೆಳೆಸಿದ್ದರು, ತಾನು ಹೆಣ್ಣು ಎಂದು ಗೊತ್ತಾಗಲು ತನಗೆ ಹೆಚ್ಚು ಕಾಲ ಹಿಡಿಯಲಿಲ್ಲ, ಅಪ್ಪ-ಅಮ್ಮನಿಗೆ ಗೊತ್ತಾಗಲು ಹಿಡಿಯಿತು ಎಂಬುದನ್ನೆಲ್ಲ, ನೀರಿನ ಮೀಟರು ಎಲ್ಲಿದೆ ಎಂದು ತೋರಿಸಿದಷ್ಟೇ ಸಲೀಸಾಗಿ ಮೊದಲ ದಿನವೇ ಹೇಳಿದರು. ಆಮೇಲೆ ಬಡಾವಣೆಯ ನಿಯಮಗಳ ಸರದಿ.

"ಮಿಕ್ಕಿದ್ದೆಲ್ಲ ಕಸದ್ದು, ನೀರಿಂದು, ನಿಧಾನವಾಗಿ ರೂಢಿಯಾಗುತ್ತೆ. ಮುಖ್ಯವಾದದ್ದು ಒಂದೇ. ಇಲ್ಲಿ ಯಾರೂ ಯಾರನ್ನೂ 'ಇವರು ನಿಮಗೆ ಏನಾಗ್ಬೇಕು' ಅಂತ ಕೇಳೋ ಹಾಗಿಲ್ಲ. ನಮ್ಮಂಥವರೆಲ್ಲ ಆ ಪ್ರಶ್ನೆ ಕೇಳಿಸ್ಕೊಂಡು ಕೇಳಿಸ್ಕೊಂಡು ಸಾಕಾಗಿ ಬಂದವರು. ಹೇಳ್ಬೇಕು ಅನ್ನಿಸಿದವರು ತಾವಾಗೇ ಹೇಳ್ತಾರೆ."

ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಬಿಟ್ಟಳು. ಖುಷಿಗೆ ಹಿಡಿದಳು ಎಂದುಕೊಂಡೆ. ಅದು ನನಗೆ ಕೊಟ್ಟ ಸೂಚನೆಯೂ ಆಗಿತ್ತು ಎನ್ನುವುದು ತಿಳಿಯುವಷ್ಟು ಬುದ್ಧಿ ನನಗೆಲ್ಲಿ?

ಆ ವಾರವೇ ಹೊಸಬರಿಗೆಂದು ಕೊಳದ ಬದಿಯಲ್ಲಿ ಸಂಜೆ ಚಾ ಇಟ್ಟಿದ್ದರು. ಒಬ್ಬೊಬ್ಬರೂ ಎದ್ದು ತಮ್ಮ ಪರಿಚಯ ಹೇಳಿಕೊಂಡರು. ನಮ್ಮ ಪಕ್ಕದ ಮನೆಯ ಬೇಕರಿಯವನು, ಹಿಟ್ಟು ಮೆತ್ತಿದ ಕೈಯನ್ನು ಪಕ್ಕದಲ್ಲಿದ್ದ ತೆಳ್ಳನೆಯ ಮೇಷ್ಟ್ರ ಹೆಗಲ ಮೇಲಿಟ್ಟು, "ಇವನು ನನ್ನ ಗಂಡ. ನಾನು ಮಾಡಿದ್ದನ್ನೆಲ್ಲ ತಿಂದೂ ದಪ್ಪ ಆಗಲ್ಲ, ಅದೊಂದೇ ಬೇಜಾರು" ಎಂದ. ಎಲ್ಲರೂ ನಕ್ಕರು. ಆಮೇಲೆ ಒಬ್ಬ ಹೆಂಗಸು ಎದ್ದಳು. ಅರವತ್ತು ದಾಟಿದ್ದರೂ ಬೆನ್ನು ಕಂಬದ ಹಾಗೆ ನೆಟ್ಟಗಿತ್ತು. "ಸರಕಿನ ಹಡಗಿಗೆ ಕ್ಯಾಪ್ಟನ್ ಆಗಿದ್ದೆ. ನನ್ನ ಹೆಂಡತಿ ತೀರಿಕೊಂಡು ಕೆಲವು ವರ್ಷ ಆಯ್ತು. ಈಗ ಗಿಡಗಳ ಜೊತೆ ಮಾತಾಡ್ತೀನಿ. ಅವು ತಿರುಗಿ ಮಾತಾಡಲ್ಲ, ಅವಳ ಜೊತೆ ಮಾತಾಡಿದಷ್ಟು ಸುಖ ಇಲ್ಲ" ಎಂದಳು. ಹೆಂಡತಿ ಎಂಬ ಮಾತು ಅವಳ ಬಾಯಲ್ಲಿ ಎಷ್ಟು ಸಹಜವಾಗಿತ್ತೆಂದರೆ ನನಗೆ ಒಳಗೊಳಗೇ ಅಸೂಯೆಯಾಯಿತು.

ನನ್ನ ಸರದಿ ಬಂತು. ಎದ್ದು ನಿಂತೆ. "ನಾನು ಪರದೆ ಅಂಗಡಿ ಇಟ್ಕೊಂಡಿದ್ದೆ. ಇವಳು…"

ಅಕ್ಕ ತಲೆಯೆತ್ತಿ ನನ್ನ ಮುಖವನ್ನೇ ನೋಡುತ್ತಿದ್ದಳು. ನಗು ತುಟಿಯ ಅಂಚಿನವರೆಗೆ ಬಂದು ನಿಂತಿತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಎಷ್ಟೋ ಬಾಡಿಗೆ ಮನೆಗಳ ಮೆಟ್ಟಿಲು ಹತ್ತಿಳಿದ ನಾಲಗೆ ತಾನು ಕಲಿತ ದಾರಿಯನ್ನೇ ಹಿಡಿಯಿತು.

"…ನಮ್ಮಕ್ಕ."

"ಓ, ಅಕ್ಕ-ತಂಗೀರು!" ಎಂದರು ಎಲ್ಲರೂ, ಬಹಳ ಸಂತೋಷದಿಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇರೆ ಕಡೆಯಾಗಿದ್ದರೆ ಯಾರಾದರೂ ಕೆದಕುತ್ತಿದ್ದರು, ಸ್ವಂತ ಅಕ್ಕನಾ, ದೊಡ್ಡಪ್ಪನ ಮಗಳಾ, ಮುಖಚಹರೆ ಒಂದೂ ಹೋಲುವುದಿಲ್ಲವಲ್ಲ ಎಂದು. ಆಗ ತಿದ್ದಲು ಒಂದು ದಾರಿಯಾದರೂ ಸಿಗುತ್ತಿತ್ತು. ಇಲ್ಲಿ ಕೇಳುವ ಹಾಗೇ ಇಲ್ಲವಲ್ಲ! ನಾನು ಹೇಳಿದ್ದೇ ವೇದವಾಯಿತು. ಬೇಕರಿಯವನು ಕೇಕಿನ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, "ನೀವು ಹಾಗೆ ಅಲ್ಲದಿದ್ರೂ ನಮ್ಮಂಥವರ ಮಧ್ಯೆ ಬದುಕೋಕೆ ಬಂದಿದ್ದೀರಲ್ಲ, ದೊಡ್ಡ ಮನಸ್ಸು ನಿಮ್ಮದು" ಎಂದ. ನಾನು ಕೇಕನ್ನು ಅರ್ಧಕ್ಕೇ ಬಿಟ್ಟು ಕೆಳಗಿಟ್ಟೆ. ಅಕ್ಕ ಮಾತ್ರ ಏನೂ ಆಗದವಳಂತೆ ಎರಡು ತುಂಡು ತಿಂದಳು. ಸಿಹಿ ಹಲ್ಲಿಗೆ ಕೇಡು ಎಂದು ಊರಿಗೆಲ್ಲ ಉಪದೇಶ ಮಾಡಿದವಳು.

ಮನೆಗೆ ಬಂದ ಮೇಲೆ, "ನಾಳೆ ಸರಿಮಾಡ್ತೀನಿ" ಎಂದೆ. "ಹ್ಞೂಂ" ಎಂದಳು. ನಾಳೆ ಎನ್ನುವುದು ಎಲ್ಲಿ ಬರುತ್ತದೆ? ಮರುದಿನದಿಂದ ಬಡಾವಣೆಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯಲು ಶುರುಮಾಡಿದರು. ಅಕ್ಕ, ನನ್ನ ಹಲ್ಲು ಜುಂ ಅನ್ನುತ್ತೆ. ಅಕ್ಕ, ಬನ್ನಿ ಬ್ರೆಡ್ಡು ಬಿಸಿಯಿದೆ. ನನ್ನೊಬ್ಬಳದೇ ಆಗಿದ್ದ ಪದ ಸಂತೆಗೆ ಬಿದ್ದ ಹಾಗಾಯಿತು. ಇಡೀ ಗುಡ್ಡಕ್ಕೆ ಅವಳು ಅಕ್ಕನಾದ ಮೇಲೆ ನನಗೇನು ಉಳಿಯಿತು?

ಅದರ ಮೇಲೆ ಈ ಕ್ಯಾಪ್ಟನ್.

ಮೊದಲು ಒಂದು ಗಿಡದ ಕುಂಡ ಬಂತು. ಮರುವಾರ ಇನ್ನೊಂದು, ನೇರಳೆ ಹೂವಿನದು. ಆಮೇಲೆ ಕ್ಯಾಪ್ಟನ್ನೇ ಬಂದಳು, ಬಾಯಿ ತೋರಿಸಲು. ಅಕ್ಕ ವರಾಂಡದಲ್ಲಿ ಅವಳನ್ನು ಕೂರಿಸಿ ಟಾರ್ಚು ಬಿಟ್ಟು ನೋಡಿ, "ಈ ವಯಸ್ಸಲ್ಲಿ ಒಂದು ಹಲ್ಲೂ ಹಾಳಾಗಿಲ್ಲ! ಮುತ್ತಿನ ಸಾಲು!" ಎಂದಳು. ನನ್ನ ಬಾಯಿಗೆ ಅಷ್ಟೊಂದು ಸಿಮೆಂಟು ಸುರಿದವಳು ನನ್ನ ಹಲ್ಲಿನ ಬಗ್ಗೆ ಅಂಥದೊಂದು ಮಾತು ಆಡಿದ್ದು ನನಗೆ ನೆನಪಿಲ್ಲ. ಹಾಳಾಗದ ಹಲ್ಲು ತೋರಿಸಲು ಇವಳು ಬಂದದ್ದಾದರೂ ಯಾಕೆ?

ಆಮೇಲೆ ಬೆಳಗಿನ ಈಜಿಗೂ ಕ್ಯಾಪ್ಟನ್ ಬರತೊಡಗಿದಳು. ಅವಳು ಈಜಿದರೆ ನೀರು ಅಲುಗುತ್ತಲೂ ಇರಲಿಲ್ಲ. ಇಬ್ಬರೂ ಜೊಂಡಿನ ಹತ್ತಿರ ತಲೆ ಮಾತ್ರ ಹೊರಗಿಟ್ಟು, ಯಾವ್ಯಾವುದೋ ಬಂದರುಗಳ ಸುದ್ದಿ ಮಾತಾಡುತ್ತಿದ್ದರು. ದಡದಲ್ಲಿ ಕೂತ ನನಗೆ ಚಾ ಕಹಿಯಾಗುತ್ತಿತ್ತು. ಸಕ್ಕರೆ ಹಾಕಿಕೊಂಡರೂ ಕಹಿ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಹೊಟ್ಟೆ ಉರಿಯುತ್ತಿತ್ತು. ಆದರೆ ಕ್ಯಾಪ್ಟನ್‌ಳ ತಪ್ಪು ಏನು? ಒಂಟಿ ಹೆಂಗಸು, ತನಗೆ ಹಿಡಿಸಿದ ಇನ್ನೊಬ್ಬ ಒಂಟಿ ಹೆಂಗಸಿನ ಹತ್ತಿರ ಮರ್ಯಾದೆಯಿಂದ ಮಾತಾಡುತ್ತಿದ್ದಾಳೆ. ಒಂಟಿ ಎಂದು ಸಾರಿದವಳು ನಾನೇ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ.

ಒಂದು ಬೆಳಿಗ್ಗೆ ಗೊಬ್ಬರದ ಗುಂಡಿಯ ಹತ್ತಿರ ಸಿಪ್ಪೆ ಸುರಿಯುತ್ತಿದ್ದೆ. ಕ್ಯಾಪ್ಟನ್ ಬಂದು ನಿಂತಳು. ಹಡಗು ನಡೆಸಿದ ಹೆಂಗಸು, ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದಳು.

"ನಿಮ್ಮ ಹತ್ರ ಒಂದು ಮಾತು ಕೇಳ್ಬೇಕಿತ್ತು. ತಂಗಿ ಅಂತ ನಿಮ್ಮನ್ನೇ ಮೊದಲು ಕೇಳೋದು ಸರಿ ಅನ್ನಿಸ್ತು."

"ಕೇಳಿ."

"ನಿಮ್ಮಕ್ಕನ ಮನಸ್ಸಲ್ಲಿ ಯಾರಾದ್ರೂ ಇದ್ದಾರಾ?"

ಇಂಥ ಅವಕಾಶ ಇನ್ನೊಂದು ಬರುವುದುಂಟೆ? ನಾನಿದ್ದೇನೆ ಎಂದರೆ ಮುಗಿಯುತ್ತಿತ್ತು. ಆದರೆ ಅವಳ ಮುಖ ನೋಡಿದೆ. ಅಷ್ಟು ವರ್ಷದ ದುಃಖವನ್ನು ಪಕ್ಕಕ್ಕಿಟ್ಟು, ಧೈರ್ಯ ಮಾಡಿ, ಸಿಪ್ಪೆಯ ಗುಂಡಿಯ ಹತ್ತಿರ ಬಂದು ನಿಂತಿದ್ದಾಳೆ. ಈಗ ನಿಜ ಹೇಳಿದರೆ ಇಷ್ಟು ದಿನ ನಿನ್ನನ್ನು ಮಂಗ ಮಾಡಿದೆವು ಎಂದಂತಾಗುತ್ತದೆ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

"ಕೇಳಿ ನೋಡ್ತೀನಿ" ಎಂದೆ.

ನನ್ನ ಬುದ್ಧಿಗಿಷ್ಟು. ಮನೆಗೆ ಬಂದಾಗ ಅಕ್ಕ ವರಾಂಡದಲ್ಲಿ ಒದ್ದೆ ಈಜುಡುಗೆಯನ್ನು ಹರವುತ್ತಿದ್ದಳು. ನಗಿಸೋಣವೆಂದುಕೊಂಡು, ಟೋಪಿ ಹಿಂಡಿದ್ದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅವಳು ನಗಲಿಲ್ಲ.

"ನೀನೇನಂದೆ?"

"ಕೇಳಿ ನೋಡ್ತೀನಿ ಅಂದೆ."

"ಕೇಳು ಹಾಗಾದ್ರೆ."

"ಏನನ್ನ?"

"ನನ್ನ ಮನಸ್ಸಲ್ಲಿ ಯಾರಿದ್ದಾರೆ ಅಂತ. ಕೇಳ್ಕೊಂಡು ಹೋಗಿ ಅವರಿಗೆ ಹೇಳು."

"ತಮಾಷೆ ಮಾಡ್ಬೇಡ ಅಕ್ಕ."

"ಅಕ್ಕ ಅನ್ನಬೇಡ ನನ್ನ!" ಎಂದಳು. ಅವಳು ದನಿ ಎತ್ತುವವಳಲ್ಲ. ಬಾಯಲ್ಲಿ ಸೂಜಿ ಚುಚ್ಚುವಾಗಲೂ ಲಾಲಿ ಹಾಡಿದ ಹಾಗೆ ಮಾತಾಡುವವಳು. "ಮೊದಲನೇ ದಿನವೇ ನಾನೇ ಎದ್ದು ನಿಂತು ಹೇಳಬಹುದಿತ್ತು. ನನಗೇನು ಬಾಯಿ ಇಲ್ವಾ? ಊರಿನವರ ಬಾಯೆಲ್ಲ ಬಿಡಿಸಿದೀನಿ. ನಿನ್ನೊಬ್ಬಳ ಬಾಯಿ ಬಿಡಿಸೋಕೆ ಆಗಲಿಲ್ಲ ನನಗೆ."

"ಅಭ್ಯಾಸಬಲ ಕಣೇ. ಬಾಯಿಗೆ ಅದೇ ಬಂತು."

"ಓನರುಗಳಿಗೆ ಹೇಳ್ತಿದ್ದಾಗ ನಾನು ಒಂದು ಮಾತು ಆಡಿದೀನಾ? ಇಲ್ಲ. ಬದುಕಬೇಕಿತ್ತು. ಇಲ್ಲಿ ಓನರ್ ಯಾರೇ? ನಾವೇ ತಾನೆ? ನಿನಗೆ ಇಲ್ಲಿ ಯಾರ ಭಯ?" ಅವಳು ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಎಸೆದಳು. ಅದು ಕೆಳಗೆ ಬಿತ್ತು. "ನಾನು ಇಲ್ಲಿಗೆ ಬಂದಿದ್ದು ಕೊಳಕ್ಕಲ್ಲ, ಗಾಳಿಗಲ್ಲ. ನಾಲ್ಕು ಜನರ ಎದುರಿಗೆ ನಿನ್ನ ಬಾಯಿಂದ ನಾನು ನಿನಗೆ ಏನು ಅಂತ ಒಂದ್ಸಲ ಕೇಳಿಸ್ಕೊಳ್ಳೋಕೆ ಬಂದೆ. ನಾನೇ ಹೇಳಿದ್ರೆ ಏನು ಬಂತು?"

ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಏನೋ ಎಳೆದಾಡುವ ಸದ್ದು. ಹೋಗಿ ನೋಡಿದರೆ ದಿಂಬು, ಹೊದಿಕೆ, ಓದುವ ದೀಪ, ಎಲ್ಲವನ್ನೂ ಅತಿಥಿಗಳ ಕೋಣೆಗೆ ಸಾಗಿಸುತ್ತಿದ್ದಾಳೆ.

"ಇದೇನೇ ಇದು?"

"ಅಕ್ಕ-ತಂಗಿ ಅಲ್ವಾ. ಎರಡು ರೂಮು ಇರೋವಾಗ ಒಂದರಲ್ಲಿ ಯಾಕೆ ಇಕ್ಕಟ್ಟು?" ಎಂದು ಬಾಗಿಲು ಮುಂದೆ ಮಾಡಿಕೊಂಡಳು.

ಅಷ್ಟು ದಿನ ತಂಪಾಗಿದ್ದ ಕೋಣೆ ಅಂದಿನಿಂದ ಬರೀ ತಣ್ಣಗಾಯಿತು. ಊಟಕ್ಕೆ ಎದುರಾಬದುರು ಕೂರುತ್ತಿದ್ದೆವು, ಉಪ್ಪು ಕೊಡು, ನೀರು ಕೊಡು ಎನ್ನುವಷ್ಟು ಮಾತು. ಅವಳೇನೂ ಮುನಿಸಿಕೊಂಡು ಮುಖ ಊದಿಸಿಕೊಂಡಿರಲಿಲ್ಲ. ಈಜಿದಳು, ಬೇಕರಿಯವನ ಹಲ್ಲು ನೋಡಿದಳು, ನನ್ನ ಮಂಡಿಗೆ ಎಣ್ಣೆ ಬಿಸಿಮಾಡಿ ಬಾಗಿಲ ಬಳಿ ಇಟ್ಟು ಹೋದಳು. ಅದೇ ನನಗೆ ಹೆಚ್ಚು ನೋವು ಮಾಡಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕ್ಯಾಪ್ಟನ್ ಎದುರಾದರೆ ನಾನು ಬೇರೆ ದಾರಿ ಹಿಡಿಯುತ್ತಿದ್ದೆ.

ಹೇಳಬೇಕು, ಸರಿ. ಆದರೆ ಏನಂತ? ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಇವಳು ನನ್ನ ಪಾರ್ಟ್ನರ್. ಛೆ, ಪರದೆ ಅಂಗಡಿಯಲ್ಲಿ ಪಾಲು ಕೊಟ್ಟ ಹಾಗಿದೆ. ಇವಳು ನನ್ನ ಹೆಂಡತಿ. ಕ್ಯಾಪ್ಟನ್‌ಳ ಬಾಯಲ್ಲಿ ಎಷ್ಟು ಚೆಂದ ಕೇಳಿತ್ತು! ನನ್ನ ಬಾಯಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿಕೊಂಡ ಹಾಗೆ. ಅವಳು ಹೆಂಡತಿಯಾದರೆ ನಾನೇನು, ಗಂಡನೇ? ನನ್ನ ಸಂಗಾತಿ ಎಂದು ನೋಡಿದೆ, ಭಾಷಣಕ್ಕೆ ನಿಂತಂತಾಯಿತು. ನನ್ನ ಪ್ರಾಣ, ನನ್ನ ಜೀವ ಎಂದೆಲ್ಲ ಎಂದರೆ ಅವಳೇ ಬಿದ್ದು ಬಿದ್ದು ನಗುತ್ತಾಳೆ. ಇಷ್ಟು ದೊಡ್ಡ ಭಾಷೆ, ಅತ್ತಿಗೆ ನಾದಿನಿ ಓರಗಿತ್ತಿ ಷಡ್ಡಕ ಎಂದು ಒಬ್ಬೊಬ್ಬರಿಗೆ ಒಂದೊಂದು ಹೆಸರು ಇಟ್ಟುಕೊಂಡಿರುವ ಭಾಷೆ, ನಮ್ಮಿಬ್ಬರಿಗೆ ಒಂದನ್ನೂ ಇಟ್ಟಿಲ್ಲವಲ್ಲ ಎಂದು ಭಾಷೆಯ ಮೇಲೇ ಸಿಟ್ಟು ಬಂತು.

ಹೀಗಿರುವಾಗ ತಿಂಗಳ ಸಭೆ ಬಂತು. ಎಲ್ಲರೂ ಸೇರುವ ದೊಡ್ಡ ಹಜಾರದಲ್ಲಿ, ಸಂಜೆಯ ಹೊತ್ತು. ಆ ಹಜಾರಕ್ಕೆ ಪಡುವಣ ಬದಿಯಲ್ಲಿ ಗೋಡೆಯೇ ಇಲ್ಲ, ಸಮುದ್ರ ಕಾಣಲೆಂದು ಪೂರ್ತಿ ತೆರೆದಿಟ್ಟಿದ್ದಾರೆ. ಕಾಣುವುದೇನೋ ಸಮುದ್ರವೇ, ಆದರೆ ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿ ತೂಗುಹಾಕಿದ್ದ ಬಿದಿರಿನ ತಟ್ಟಿಗಳು ಹಿಂದಿನ ಬಿರುಗಾಳಿಗೆ ಹಾರಿಹೋಗಿದ್ದವು. ಎಲ್ಲರೂ ಹಣೆಗೆ ಕೈ ಅಡ್ಡ ಹಿಡಿದು, ಸೆಲ್ಯೂಟ್ ಹೊಡೆಯುವವರಂತೆ ಕೂತಿದ್ದರು. ಅಕ್ಕ ಕಂಬದ ನೆರಳು ಹುಡುಕಿಕೊಂಡು ಆಚೆ ಬದಿಗೆ ಕೂತಿದ್ದಳು. ನಾನು ಬಾಗಿಲ ಬಳಿ.

ಮ್ಯಾನೇಜರಮ್ಮ ನೀರಿನ ವಿಷಯ ಮುಗಿಸಿ, "ಈ ಬದಿಗೆ ಬಟ್ಟೆ ಹಾಕಬಹುದು ಅಂತ ಮನೆಗಳ ವಿನ್ಯಾಸ ಮಾಡಿದವರು ಒಪ್ಪಿದ್ದಾರೆ. ತೆಳು ಹತ್ತಿಬಟ್ಟೆ, ಗಾಳಿ ಆಡಬೇಕು, ಬಿಸಿಲು ನಿಲ್ಲಬೇಕು, ಒಗೆಯೋಕೆ ಬರಬೇಕು" ಎಂದು ನನ್ನ ಕಡೆ ತಿರುಗಿದರು. "ನಮ್ಮಲ್ಲೇ ಕಸುಬು ಬಲ್ಲವರು ಇರೋವಾಗ ಹೊರಗೆ ಯಾಕೆ? ಮಳೆ ಶುರುವಾಗೋದರೊಳಗೆ ನೀವು ಮಾಡಿಕೊಡ್ತೀರಾ ಮೇಡಂ?"

ನನ್ನ ಕೈಬೆರಳುಗಳು ತಾವಾಗಿ ಅಲುಗಿದವು. ಎತ್ತರ ಎಷ್ಟು, ನೆರಿಗೆಗೆ ಎಷ್ಟು ಬಿಡಬೇಕು, ಕೆಳಗಂಚಿಗೆ ಭಾರ ಏನು ಕಟ್ಟಬೇಕು ಎಂದು ತಲೆ ಓಡತೊಡಗಿತು. ಆದರೆ ಇಷ್ಟು ಬಟ್ಟೆ ಹೊಲಿಯಬೇಕೆಂದರೆ ಮನೆಯಲ್ಲೇ ಮೆಷಿನ್ ಹಾಕಬೇಕು. ಮನೆ ತುಂಬ ದಾರ, ಚೂರು. ಅಕ್ಕನಿಗೆ ನೆಲದ ಮೇಲೆ ಒಂದು ಎಳೆ ದಾರ ಕಂಡರೂ ಆಗದು. ಕೇಳದೆ ಒಪ್ಪಿಕೊಳ್ಳುವುದು ಹೇಗೆ?

ಆಗ ಬಾಯಿಗೆ ಒಂದು ಮಾತು ಬಂತು. ಅದು ನನ್ನ ಮಾತಲ್ಲ, ನನ್ನ ಗಿರಾಕಿಗಳದು. ಅಂಗಡಿಗೆ ಬಂದ ಹೆಂಗಸರು ಥಾನು ಬಿಚ್ಚಿಸಿ, ಬಟ್ಟೆ ಮುಟ್ಟಿ, ಬಣ್ಣ ಮೆಚ್ಚಿ, ಇನ್ನೇನು ಕತ್ತರಿ ಹಾಕಬೇಕು ಎನ್ನುವಾಗ ಕೈಬಿಟ್ಟು ಹೇಳುತ್ತಿದ್ದ ಮಾತು. ಗಂಡಸರು ಬಂದರೂ ಅದೇ ಮಾತು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ವ್ಯಾಪಾರ ಹೋಯಿತಲ್ಲ ಎಂದು. ಆದರೆ ಅವರು ಹೋದ ಮೇಲೆ ಥಾನು ಸುತ್ತುತ್ತಾ, ನನಗೂ ಹಾಗೆ ಹೇಳುವಂತಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿಲ್ಲ! ಹೆಂಡತಿ ಗಂಡನಿಗೂ ಹೇಳುವುದು, ಗಂಡ ಹೆಂಡತಿಗೂ ಹೇಳುವುದು, ಹೆಣ್ಣು ಗಂಡು ಎಂಬ ಗೊಡವೆಯೇ ಇಲ್ಲ ಅದರಲ್ಲಿ. ಮಾತು ನಾಲಗೆಯ ತುದಿಗೆ ಬಂದು ನಿಂತಾಗ ಒಂದು ಕ್ಷಣ ತಡೆದು ನೋಡಿದೆ. ನನ್ನದೇ ಅಳತೆಗೆ ಹೊಲಿದಂತಿತ್ತು. ಎದ್ದು ನಿಂತೆ.

"ನಮ್ಮನೆಯವರನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದೆ.

ಬೇಕರಿಯವನು ಬಾಯಿ ತೆರೆದು, "ನಿಮ್ಮನೆಯವರಾ? ಅಂದ್ರೆ ಯಜಮಾನರು…" ಎಂದವನು, ಮ್ಯಾನೇಜರಮ್ಮ ಕೆಮ್ಮಿದ್ದೇ ತಡ ನಾಲಗೆ ಕಚ್ಚಿಕೊಂಡ.

"ಕೇಳ್ಲಿ ಬಿಡಿ ಮೇಡಂ" ಎಂದೆ. "ಕೇಳೋ ಹಾಗಿಲ್ಲ ಅಂತ ನೀವು ನಿಯಮ ಮಾಡಿದ್ರಿಂದಲೇ ನನಗೆ ಈ ಗತಿ. ಯಾರಾದ್ರೂ ಒಬ್ಬರು ಕೇಳಿ, ದಯವಿಟ್ಟು."

ಯಾರೂ ಕೇಳಲಿಲ್ಲ. ನಿಯಮ ಮುರಿಯಲು ಅವರಿಗೆ ಹೆದರಿಕೆ, ಪಾಪ. ಆಗ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಕ್ಯಾಪ್ಟನ್ ಎದ್ದು ನಿಂತಿದ್ದಳು. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಕಂಬದ ಕಡೆ ನೋಡಿದಳು. ಬಂದರು ಎಲ್ಲಿದೆ ಎಂದು ಗುರುತು ಹಿಡಿಯಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ನಾನು ಕೇಳ್ತೀನಿ. ಯಾರು ನಿಮ್ಮನೆಯವರು?" ಎಂದಳು, ಸಮಾಧಾನದ ದನಿಯಲ್ಲಿ.

"ಅಗೋ, ಕಂಬದ ಪಕ್ಕ ಕೂತಿದ್ದಾರಲ್ಲ, ಕನ್ನಡಕದವರು. ಅವರೇ. ನನ್ನ ಕೂದಲು ಕಪ್ಪಿದ್ದಾಗಿನಿಂದ ಅವರೇ ನಮ್ಮನೆಯವರು" ಎಂದೆ. "ಅಕ್ಕ ಅಂದಿದ್ದು ಸುಳ್ಳು. ಹೊರಗೆ ಆ ಸುಳ್ಳಿಲ್ಲದೆ ನಮಗೆ ಮನೆ ಸಿಗ್ತಿರಲಿಲ್ಲ. ಇಲ್ಲಿ ಹೇಳಬೇಕಾಗಿರಲಿಲ್ಲ, ಆದ್ರೂ ಹೇಳ್ದೆ. ಕ್ಯಾಪ್ಟನ್, ನಿಮ್ಮನ್ನೂ ಸುಮ್ಮನೆ ಓಡಾಡಿಸಿದೆ. ಬೈದುಬಿಡಿ."

ಕ್ಯಾಪ್ಟನ್ ಬೈಯಲಿಲ್ಲ. ಒಂದೆರಡು ಸಲ ಕಣ್ಣು ಮಿಟುಕಿಸಿದಳು, ಅಷ್ಟೇ. ಅದು ಬಿಸಿಲಿಗೂ ಇರಬಹುದು. "ಸರಿ ಮತ್ತೆ, ಕೇಳಿ ಅವರನ್ನ. ಎಲ್ಲರೂ ಕಾಯ್ತಿದ್ದಾರೆ" ಎಂದು ಕೂತಳು.

ಅಕ್ಕ ಕಂಬದ ನೆರಳಿನಿಂದ ನನ್ನನ್ನೇ ನೋಡುತ್ತಿದ್ದಳು. ಮುಖದಲ್ಲಿ ಏನಿದೆ ಎಂದು ಈ ದೂರದಿಂದ ಕಾಣುತ್ತಿರಲಿಲ್ಲ. ಹಜಾರ ಉದ್ದವಾಗಿತ್ತು. ಅವಳಿಗೆ ಕೇಳಿಸಬೇಕೆಂದರೆ ಕೂಗಿಯೇ ಕರೆಯಬೇಕು. ಏನೆಂದು ಕರೆಯಲಿ ಎಂದು ಈ ಸಲ ಯೋಚಿಸಲಿಲ್ಲ.

"ರೀ!" ಎಂದೆ. "ಏನಂತೀರಿ? ಒಪ್ಕೊಳ್ಳಲಾ?"

ಅವಳು ಕನ್ನಡಕ ತೆಗೆದಳು. ಅಂಗಿಯ ಅಂಚಿನಿಂದ ಒರೆಸಿದಳು, ಅಷ್ಟೊಂದು ಒರೆಸಬೇಕಾದ ಧೂಳೇನೂ ಅದರ ಮೇಲೆ ಇದ್ದಿರಲಾರದು. ಮತ್ತೆ ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ಇಡೀ ಹಜಾರಕ್ಕೆ ಕೇಳುವಂತೆ ಹೇಳಿದಳು:

"ಒಪ್ಕೋ. ಆದ್ರೆ ಮೆಷಿನ್ನು ಊಟದ ಮೇಜಿನ ಮೇಲೆ ಇಡೋ ಹಾಗಿಲ್ಲ. ಆ ಅತಿಥಿಗಳ ರೂಮು ಖಾಲಿ ಆಗುತ್ತಲ್ಲ, ಅಲ್ಲಿ ಇಟ್ಕೋ. ಮತ್ತೆ ಅಳತೆ ತೆಗೆಯೋಕೆ ಅಂತ ಏಣಿ ಹತ್ತಬೇಡ. ಮಂಡಿ ನೋವು ಅಂತ ಆಮೇಲೆ ನನ್ನ ಜೀವ ತಿಂತೀಯ."

ನಗು ಎದ್ದಿತು. ಬೇಕರಿಯವನು ಮೇಷ್ಟ್ರ ಬೆನ್ನ ಮೇಲೆ ಹೊಡೆದು ಹೊಡೆದು ನಗುತ್ತಿದ್ದ. ಮ್ಯಾನೇಜರಮ್ಮ ಕರ್ಚೀಫಿನಿಂದ ಮೂಗು ಒರೆಸಿಕೊಂಡು, "ಮುಂದಿನ ವಿಷಯ" ಎಂದರು, ಆದರೆ ಮುಂದಿನ ವಿಷಯ ಏನೆಂದು ಅವರಿಗೇ ನೆನಪಿರಲಿಲ್ಲ. ಗಲಾಟೆಯ ನಡುವೆ ಕ್ಯಾಪ್ಟನ್‌ಳ ದನಿ ಕೇಳಿಸಿತು, "ಏಣಿ ನಾನು ಹತ್ತುತ್ತೀನಿ. ಎತ್ತರ ನನಗೆ ಹೊಸದಲ್ಲ." ಅಕ್ಕ ಎದ್ದು ಹೋಗಿ ಅವಳ ಪಕ್ಕ ಕೂತು ಏನೋ ಹೇಳಿದಳು. ಇಬ್ಬರೂ ಬಹಳ ಹೊತ್ತು ಮಾತಾಡಿದರು. ನನಗೆ ಒಂದು ಚೂರೂ ಹೊಟ್ಟೆ ಉರಿಯಲಿಲ್ಲ.

ಸಭೆ ಮುಗಿಸಿಕೊಂಡು ಮನೆಯ ಕಡೆ ಇಳಿಯುತ್ತಿದ್ದೆವು. ದಾರಿಯ ಎರಡೂ ಬದಿಗೆ ಹುಲ್ಲು, ಇನ್ನೂ ಬೆಳಕಿತ್ತು. ಅವಳು ನನ್ನ ತೋಳಿಗೆ ತೋಳು ಸೇರಿಸಿದಳು. ಹಿಂದೆ ಮುಂದೆ ಜನ ಬರುತ್ತಿದ್ದರು, ನೋಡುತ್ತಿದ್ದರು. ನಾನು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ದೂರ ನಡೆದ ಮೇಲೆ ಅವಳು, "ಇನ್ನೊಂದ್ಸಲ ಕರಿ" ಎಂದಳು.

"ರೀ" ಎಂದೆ.

"ಏನು?"

ಏನೂ ಇರಲಿಲ್ಲ. ಸುಮ್ಮನೆ ಕರೆದಿದ್ದೆ.